ಕೊನೆಯ ಮೇಜಿನ ದೀಪ

ನನ್ನ ಸೋದರಳಿಯ ಸುಧಾಕರನೂ ಅವನ ಹೆಂಡತಿಯೂ ಸೇರಿ, ತೀರಿಹೋದ ನನ್ನ ಅಕ್ಕನನ್ನು, ಎಂದರೆ ಸುಧಾಕರನ ಹೆತ್ತ ತಾಯಿಯನ್ನು, ದೆವ್ವವೆಂದು ತೀರ್ಮಾನಿಸಿ ತಮ್ಮ ದೋಣಿಯಿಂದ ಹೊರಗೆ ಹಾಕಿಸಿದರು. ಆ ಕಾರ್ಯದಲ್ಲಿ ಅವಳ ತಮ್ಮನ ಮಣೆಯ ಮೇಲೆ ನನ್ನ ಬದಲು ಬೇರೊಬ್ಬರನ್ನು ಕೂರಿಸಿದರು. ಇಷ್ಟಕ್ಕೂ ಅವರು ಕೊಟ್ಟ ಆಧಾರವೆಂದರೆ ನಾನು ಆರಿಸಿ ತಂದ ಒಂದು ದೀಪ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದೆ ನನ್ನ ಮಾತು ಎಲ್ಲೆಲ್ಲೋ ಅಲೆದರೂ ಓದುವವರು ಇದನ್ನು ಮರೆಯಬಾರದೆಂದು ನನ್ನ ಕೋರಿಕೆ. ನಾನಂತೂ ಮರೆಯುವವನಲ್ಲ.

ಆ ದೀಪ ಈಗ ಮುಂಬಯಿ ಬಳಿಯ ಡೊಂಬಿವಲಿಯ ನನ್ನ ಮನೆಯಲ್ಲಿ, ನಾನು ಬರೆಯುತ್ತಿರುವ ಮೇಜಿನ ಮೇಲೆಯೇ ಇದೆ. ಹೋಟೆಲಿನ ಪಾರ್ಸೆಲ್ ಚೀಲದಲ್ಲಿ ಹಾಕಿ ಯಾರದೋ ಕೈಯಲ್ಲಿ ಕಳುಹಿಸಿಕೊಟ್ಟರು. ಚಹಾದ ಸಾಸರಿನಷ್ಟು ಅಗಲದ ದೀಪ. ಅದರ ಪಕ್ಕದಲ್ಲಿ ಅರ್ಧ ಕೋಳಿಮೊಟ್ಟೆ ಕವುಚಿಟ್ಟಂತಿರುವ ಬಿಳಿಯ ಸೆನ್ಸರ್. ಎರಡನ್ನೂ ಸೇರಿಸಿ ಕೆಂಪು ದಾರ ಸುತ್ತಿದ್ದಾರೆ. ಸೆನ್ಸರಿನ ಮೇಲೆ, ಕಣ್ಣು ಮುಚ್ಚಿಸುವವರಂತೆ, ದಪ್ಪಗೆ ಕುಂಕುಮ ಮೆತ್ತಿದ್ದಾರೆ. ಜೊತೆಗೆ ಬಂದ ಲಿಂಬೆಯ ಹೋಳು ಒಣಗಿ ಮುದುಕರ ಕಿವಿಯಂತೆ ಮುದುಡಿದೆ. ತಂತಿ ಕತ್ತರಿಸಿದ ದೀಪ. ಇನ್ನು ಅದು ಹೊತ್ತಿಕೊಳ್ಳುವ ಮಾತೇ ಇಲ್ಲ. ಆದರೂ ಸಂಜೆಯಾದೊಡನೆ ನನ್ನ ಹೆಂಡತಿ ಅದರ ಮೇಲೊಂದು ಬಟ್ಟೆ ಹೊದಿಸುತ್ತಾಳೆ. "ನಂಬಿಕೆ ಅಂತ ಅಲ್ಲ. ಸುಮ್ಮನೆ. ನಮ್ಮನ್ನೇ ನೋಡ್ತಾ ಉಂಟು ಅಂತ ಕಾಣ್ತದೆ" ಎನ್ನುತ್ತಾಳೆ. ಬಟ್ಟೆ ಹೊದಿಸಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ನಾನು ಅವಳಿಗೆ ಹೇಳಿಲ್ಲ.

ದೋಣಿಗೆ ದೀಪ ಆರಿಸುವುದು ಮನೆಗೆ ಆರಿಸಿದಂತಲ್ಲ. ಸುಧಾಕರನಿಗೆ ಐರೋಲಿಯಲ್ಲಿ ಸಸ್ಯಾಹಾರಿ ಹೋಟೆಲಿದೆ. ಹಿಂದೆ ಖಾಡಿಯ, ಎಂದರೆ ನೆಲದೊಳಕ್ಕೆ ಚಾಚಿದ ಸಮುದ್ರದ ಹಿನ್ನೀರಿನ, ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದ ಹಳೆಯ ಮರದ ದೋಣಿಯೊಂದನ್ನು ಅವನು ಕೊಂಡ. ಹಿಂಭಾಗದಲ್ಲಿ ಪುಟ್ಟ ಅಡುಗೆಮನೆ, ಮುಂದೆ ಎರಡು ಸಾಲು ಮೇಜು. ಸಂಜೆ ಸಂಸಾರಸಮೇತ ಬಂದವರಿಗೆ ನೀರಿನ ಮೇಲೆ ಬಾಳೆಯೆಲೆಯ ಊಟ. ಚಾವಣಿಯ ಮೇಲಿನ ಸೌರಫಲಕ ಹಗಲೆಲ್ಲ ಬ್ಯಾಟರಿ ತುಂಬಿಸುತ್ತದೆ. ಸಂಜೆ ಅದರಲ್ಲೇ ಫ್ರಿಜ್ಜು, ನೀರಿನ ಪಂಪು, ಫ್ಯಾನು ಎಲ್ಲ ನಡೆಯಬೇಕು. ದೀಪಕ್ಕೆ ಉಳಿಯುವುದು ಚೂರುಪಾರು.

"ಮಾಮ, ಲೈಟಿಂಗ್ ನೀವೇ ನೋಡ್ಕೊಳ್ಳಿ" ಎಂದು ಸುಧಾಕರ ಫೋನ್ ಮಾಡಿದ. "ಲೋಡ್ ಏಕ್‌ದಮ್ ಕಮ್ಮಿ ಬೇಕು. ಆದ್ರೆ ನೋಡೋಕೆ ಝಕಾಸ್ ಆಗ್ಬೇಕು."

ತನ್ನ ಮದುವೆಯ ಕಾಗದದಲ್ಲಿ ಸೋದರಮಾವನ ಹೆಸರು ಹಾಕಿಸಲು ಮರೆತಿದ್ದವನಿಗೆ, ಕರೆಂಟು ಉಳಿಸುವ ಹೊತ್ತಿಗೆ ಸೋದರಮಾವನ ನೆನಪಾಯಿತು. ಒಪ್ಪಿಕೊಂಡೆ. ನನ್ನ ಉದ್ಯೋಗದ ಆಯುಷ್ಯವೆಲ್ಲ ಠಾಣೆ ಬೇಲಾಪುರ ರಸ್ತೆಯ ಒಂದು ಬಲ್ಬು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕಳೆದದ್ದು. ಕಿಟಕಿಯಿಲ್ಲದ ಕೋಣೆಯಲ್ಲಿ ಬಲ್ಬುಗಳನ್ನು ಸಾಲಾಗಿ ಹೊತ್ತಿಸಿಟ್ಟು, ಅವು ಒಂದೊಂದಾಗಿ ಸಾಯುವುದನ್ನು ಕಾದು ಕುಳಿತು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಸಾಯುವ ಮುಂಚೆ ಬಲ್ಬು ಒಮ್ಮೆ ಸಣ್ಣಗೆ ಗುಂಯ್ ಎನ್ನುತ್ತದೆ. ಆ ಸದ್ದು ಕೇಳಿಸುವವರು ವಿಭಾಗದಲ್ಲಿ ನಾನೊಬ್ಬನೇ. ನನ್ನ ಬೀಳ್ಕೊಡುಗೆಯ ಭಾಷಣದಲ್ಲಿ ಮ್ಯಾನೇಜರರು "ಪ್ಯಾಕಿಂಗ್ ವಿಭಾಗದ ಇವರು" ಎಂದು ನನ್ನ ಕಡೆ ಕೈ ತೋರಿಸಿದರು. ಅವರನ್ನು ಕ್ಷಮಿಸಿದ್ದೇನೆ. ಅವರು ಅಂದು ತೊಟ್ಟಿದ್ದ ಅಂಗಿಯ ಬಣ್ಣವೂ ನೆನಪಿದೆ.

ದೀಪ ಕೊಳ್ಳಲು ಸುಧಾಕರನೊಡನೆ ಉಲ್ಹಾಸನಗರಕ್ಕೆ ಹೋಗುವಾಗ ನಾನು ಒಂದು ಸ್ಟೀಲ್ ಡಬ್ಬಿಯಲ್ಲಿ ಸಾರು ಒಯ್ದೆ. ಸುಧಾಕರನ ಹೋಟೆಲಿನ ಅಡುಗೆಯವರಾದ ವಿಠಲ ಭಟ್ಟರು ಮಾಡಿದ ಟೊಮೆಟೊ ಸಾರು. ಅಂಗಡಿಯಾತ ಹಾಲಿನಂತೆ ಬೆಳ್ಳಗಿನ ಎಲ್‌ಇಡಿ ಹೊತ್ತಿಸಿ, "ಅಂಕಲ್‌ಜೀ, ಯೇ ಲೇ ಜಾವೋ, ದಿನ್ ಜೈಸಾ ಉಜಾಲಾ" ಎಂದ. ಹಗಲಿನಂಥ ಬೆಳಕಂತೆ. ನಾನು ಡಬ್ಬಿಯ ಮುಚ್ಚಳ ತೆಗೆದು ಆ ಬೆಳಕಿನ ಕೆಳಗೆ ಇಟ್ಟೆ. ಸಾರು ಖಾಡಿಯ ನೀರಿನಂತೆ ಕಂಡಿತು. ಹಳದಿ ಬೆಳಕಿನ ದೀಪ ತರಿಸಿ ಅದರ ಕೆಳಗೆ ಇಟ್ಟೆ. ಸಾರು ಸಾರಾಯಿತು.

"ರಸಂ ಲೇಕೆ ಲೈಟ್ ಖರೀದನೇ ವಾಲಾ ಪೆಹಲೀ ಬಾರ್ ದೇಖಾ" ಎಂದು ಅಂಗಡಿಯಾತ ಪಕ್ಕದ ಅಂಗಡಿಯವನನ್ನು ಕೂಗಿ ಕರೆದ. ಸಾರು ಹಿಡಿದು ದೀಪ ಕೊಳ್ಳಲು ಬಂದವನನ್ನು ಅವನು ನೋಡಿದ್ದು ಅದೇ ಮೊದಲಂತೆ. ಸುಧಾಕರ ತಲೆ ತಗ್ಗಿಸಿಕೊಂಡು ಮೊಬೈಲು ಒತ್ತುತ್ತಾ ನಿಂತ. ನಾನು ನಾಚಲಿಲ್ಲ. ಊಟ ಮಾಡುವವರು ದೀಪವನ್ನು ನೋಡುವುದಿಲ್ಲ, ಎಲೆಯನ್ನು ನೋಡುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ದೋಣಿಯೊಳಗೆ ಬೆಳಕು ಹೆಚ್ಚಾದರೆ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. ನೀರು ನೋಡಲೆಂದು ಬಂದವರಿಗೆ ಕಪ್ಪು ನೀರಿನ ಮೇಲೆ ತಮ್ಮ ಮುಖಗಳೇ ತೇಲುವುದು ಕಾಣುತ್ತದೆ. ಚುಕ್ಕಾಣಿ ಹಿಡಿದವನಿಗೆ ಎದುರಿನ ಕತ್ತಲೆ ಕಾಣುವುದೇ ಇಲ್ಲ. ಅದಕ್ಕಾಗಿ ಪ್ರತಿ ದೀಪಕ್ಕೂ ತಗಡಿನ ಟೋಪಿ ಹಾಕಿಸಿ, ಬೆಳಕು ಮೇಜಿನ ಮೇಲಷ್ಟೇ ಬೀಳುವಂತೆ ತಗ್ಗಿಸಿ ಕಟ್ಟಿಸಿದೆ. ಬ್ಯಾಟರಿ ಉಳಿಯಿತು, ಸಾರಿನ ಬಣ್ಣ ಉಳಿಯಿತು, ಚುಕ್ಕಾಣಿಯವನ ಕಣ್ಣೂ ಉಳಿಯಿತು. ಒಂದನ್ನು ಮಾತ್ರ ನಾನು ಮೊದಲೇ ಯೋಚಿಸಿರಲಿಲ್ಲ. ದೀಪ ಹೊತ್ತಿಸಿದಾಗ ಕುಳಿತವರ ಮುಖಗಳೆಲ್ಲ ಕತ್ತಲೆಯಲ್ಲಿ ಹೋದವು. ಕಂಡದ್ದು ಎಲೆಗಳು, ಎಲೆಗಳ ಮೇಲೆ ಆಡುವ ಕೈಗಳು. ಎರಡು ಸಾಲು ಕೈಗಳು ತಾವು ತಾವೇ ಊಟ ಮಾಡುತ್ತಿದ್ದವು.

ಮೇಜಿಗೊಂದರಂತೆ ಸೆನ್ಸರ್ ಹಾಕಿಸುವ ಆಲೋಚನೆ ಬಂದದ್ದು ಅಕ್ಕನಿಂದ. ಮನುಷ್ಯರಿದ್ದರೆ ದೀಪ ಹೊತ್ತಬೇಕು, ಎದ್ದು ಹೋದರೆ ಆರಬೇಕು. ಬ್ಯಾಟರಿಯ ಒಂದು ಹನಿಯೂ ಖಾಲಿ ಕುರ್ಚಿಗೆ ಹೋಗಬಾರದು. ಹಿಂದೆ ಠಾಣೆಯ ಪಕ್ಕದ ಕಳವಾ ಊರಿನ ನಮ್ಮ ಕೋಣೆಯಲ್ಲಿ ಈ ಕೆಲಸವನ್ನು ಅಕ್ಕನೇ ಮಾಡುತ್ತಿದ್ದಳು.

ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಗಿರಿಜಕ್ಕ. ಮದುವೆಯಾಗಿ ಕಳವಾಕ್ಕೆ ಬಂದವಳು, ಹೈಸ್ಕೂಲು ಮುಗಿದೊಡನೆ ನನ್ನನ್ನೂ ಕರೆಸಿಕೊಂಡಳು. ಭಾವ ರೈಲ್ವೆಯ ಕಾರ್‌ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಒಂದೇ ಕೋಣೆ, ಕರಿಯ ತಂತಿಯಲ್ಲಿ ಇಳಿಬಿಟ್ಟ ಒಂದೇ ಬಲ್ಬು, ಬಾಗಿಲ ಪಕ್ಕ ದುಂಡನೆಯ ಕಪ್ಪು ಸ್ವಿಚ್ಚು. ಒಗ್ಗರಣೆಯನ್ನು ಅಕ್ಕ ಸ್ಟವ್ವಿನ ಉರಿಯ ಬೆಳಕಿನಲ್ಲೇ ಮುಗಿಸುತ್ತಿದ್ದಳು. ಸಾಸಿವೆ ಸಿಡಿಯುವುದನ್ನು ನೋಡುವ ಅಗತ್ಯವಿಲ್ಲ, ಕೇಳಿದರೆ ಸಾಕು ಎನ್ನುತ್ತಿದ್ದಳು. ಯಾರಾದರೂ ಹೊರಗೆ ಕಾಲಿಟ್ಟರೆ ಅವರ ಬೆನ್ನಿಗೇ ಟಿಕ್ ಎಂದು ಸ್ವಿಚ್ಚು ಆರುತ್ತಿತ್ತು. ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತ ನಾನು ಎಷ್ಟೋ ಸಲ ಹೀಗೆ ಕತ್ತಲೆಯಲ್ಲಿ ಉಳಿದಿದ್ದೇನೆ.

"ಅಕ್ಕಾ, ನಾನಿದ್ದೇನೆ ಇಲ್ಲಿ!"

"ಇದ್ರೆ ಮಾತಾಡು ಮಾರಾಯ. ಸುಮ್ಮನೆ ಕೂತವನಿಗೆ ಬೆಳಕು ಎಂತಕ್ಕೆ?"

ಅಷ್ಟು ಜಿಪುಣಿಯಾದ ಅಕ್ಕ ಸಂಜೆಯ ಮೊದಲ ದೀಪಕ್ಕೆ ಮಾತ್ರ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದಳು. ಸ್ವಿಚ್ಚು ಒತ್ತಿದೊಡನೆ ಬಲ್ಬಿಗೆ ಕೈಮುಗಿಯಬೇಕು. ಅರ್ಧ ಗಡ್ಡ ಹೆರೆದ ಭಾವ ಸಾಬೂನಿನ ಮುಖದಲ್ಲೇ ಕೈಮುಗಿದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ಅಭ್ಯಾಸ ನನ್ನನ್ನು ಕಾರ್ಖಾನೆಗೂ ಹಿಂಬಾಲಿಸಿತು. ಪರೀಕ್ಷೆಯ ಸಾಲು ಹೊತ್ತಿದ ಕೂಡಲೇ ನನ್ನ ಕೈಗಳು ತಾವಾಗಿ ಜೋಡಿಸಿಕೊಳ್ಳುತ್ತಿದ್ದವು. ಜೊತೆಯವರು ನಗುತ್ತಿದ್ದರು. ನಕ್ಕವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

ದೋಣಿ ಶುರುವಾಗುವ ಮೊದಲು, ಕಳೆದ ಬೇಸಗೆಯ ಒಂದು ಸಂಜೆ, ದೀಪಗಳ ಪರೀಕ್ಷೆ ಇಟ್ಟುಕೊಂಡೆವು. ಐರೋಲಿಯ ಮಗನ ಮನೆಯಲ್ಲೇ ಇದ್ದ ಅಕ್ಕನನ್ನು ಕೈಹಿಡಿದು ದೋಣಿ ಹತ್ತಿಸಿದೆವು. ಅವಳು ನೇರವಾಗಿ ಅಡುಗೆಮನೆಗೆ ತಾಗಿದ ಕೊನೆಯ ಮೇಜಿಗೆ ಹೋಗಿ ಕುಳಿತಳು. ಪಾತ್ರೆಯ ಸದ್ದು ಕೇಳಿಸದ ಜಾಗದಲ್ಲಿ ಅವಳು ಯಾವತ್ತೂ ಕುಳಿತವಳಲ್ಲ. ದೀಪಗಳು ಹೊತ್ತಿದವು, ಎಲ್ಲರೂ ಕೈಮುಗಿದೆವು, ಮಾತಿಗೆ ಕುಳಿತೆವು. ಸ್ವಲ್ಪ ಹೊತ್ತಿಗೆ ಅಕ್ಕನ ಮೇಜಿನ ದೀಪ ಆರಿಹೋಯಿತು.

ತಪ್ಪು ದೀಪದ್ದಲ್ಲ. ಆ ಸೆನ್ಸರಿಗೆ ಕಣ್ಣಿಲ್ಲ. ಅದರ ಮಟ್ಟಿಗೆ ಮನುಷ್ಯನೆಂದರೆ ಅಲುಗಾಡುವ ಬಿಸಿ. ಅಕ್ಕ ಕಲ್ಲಿನಂತೆ ಕುಳಿತುಬಿಟ್ಟಿದ್ದಳು.

"ನೋಡಾ ಶೀನ, ನಿನ್ನ ದೀಪ ನನ್ನನ್ನು ಲೆಕ್ಕಕ್ಕೇ ಹಿಡಿಯುದಿಲ್ಲ" ಎಂದು ಕತ್ತಲೆಯಿಂದ ಅವಳ ದನಿ ಬಂತು.

"ಕೈ ಆಡಿಸಕ್ಕ."

ಬಳೆಯ ಸದ್ದಾಯಿತು, ದೀಪ ಹೊತ್ತಿತು. ಅವಳಿಗೆ ಅದು ಆಟವಾಯಿತು. ಸುಮ್ಮನೆ ಕುಳಿತು ಆರಿಸುವುದು, ಕೈಯೆತ್ತಿ ಹೊತ್ತಿಸುವುದು. ಎಲ್ಲರೂ ನಗುತ್ತಿದ್ದಾಗ ಅವಳು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು: "ಅಂದ್ರೆ ಸತ್ತವರಿಗೆ ಇದು ಹೊತ್ತುದಿಲ್ಲ?"

"ಇಲ್ಲಕ್ಕ. ಮೈಬಿಸಿ ಬೇಕು."

"ನಿನಗೆ ಗೊತ್ತುಂಟಾ?"

"ಗೊತ್ತುಂಟು" ಎಂದೆ. ಅವಳು ನನ್ನ ಮುಖ ನೋಡಿದಳು, ಎಂದುಕೊಂಡಿದ್ದೇನೆ. ಟೋಪಿ ಹಾಕಿದ ದೀಪವಾದುದರಿಂದ ಅವಳ ಮುಖ ನನಗೆ ಕಾಣಲಿಲ್ಲ.

ಮಳೆಗಾಲದ ನಡುವೆ ಅಕ್ಕ ನಿದ್ದೆಯಲ್ಲೇ ಹೋದಳು. ಬೊಜ್ಜವನ್ನು, ನಮ್ಮ ಕರಾವಳಿ ಕಡೆಯ ಉತ್ತರಕ್ರಿಯೆಯನ್ನು, ನಾನೇ ಮುಂದೆ ನಿಂತು ಮಾಡಿಸಿದೆ. ಒಂದು ದರ್ಭೆಯೂ ತಪ್ಪಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ.

ಮಳೆ ನಿಂತ ಮೇಲೆ ದೋಣಿ ಶುರುವಾಯಿತು. ಕೆಲವು ದಿನಗಳಲ್ಲೇ ಭಟ್ಟರು ನನಗೆ ಫೋನ್ ಮಾಡಿದರು.

"ಶೀನಣ್ಣ, ನೀವು ಬೈಯಬಾರದು. ಗಿರಿಜಕ್ಕ ಬರ್ತಾ ಇದ್ದಾರೆ."

"ಎಲ್ಲಿಗೆ?"

"ಅವರ ಜಾಗಕ್ಕೇ. ಸಂಜೆ ಗಾಳಿ ಬೀಸಿದ ಕೂಡ್ಲೇ ಕೊನೇ ಟೇಬಲಿನ ದೀಪ ತನ್ನಷ್ಟಕ್ಕೇ ಹೊತ್ತುತ್ತದೆ. ಅಲ್ಲಿ ನರಪಿಳ್ಳೆ ಇಲ್ಲ. ದೀಪ ಹೊತ್ತಿದ್ರೆ ನಾವು ಕೈಮುಗಿಯುದೇ ಅಲ್ವಾ, ಮುಗಿದೆವು. ಮುಗಿದ ಮೇಲೆ ಯಾರಿಗೆ ಮುಗಿದದ್ದು ಅಂತ ನೋಡಿದ್ರೆ ಖಾಲಿ ಕುರ್ಚಿ."

ಇಲ್ಲಿಯೇ ನೋಡಿ ನಮ್ಮವರ ಎಡವಟ್ಟು. ಬೇರೆ ಜನರಾಗಿದ್ದರೆ ದೀಪ ಕೆಟ್ಟಿದೆ ಎಂದು ಇಲೆಕ್ಟ್ರಿಶಿಯನ್ನನ್ನು ಕರೆಯುತ್ತಿದ್ದರು. ನಮ್ಮವರು ಮೊದಲು ಕೈಮುಗಿದರು. ಕೈಮುಗಿದ ಮೇಲೆ ಎದುರಿಗೆ ಯಾರಾದರೂ ಇರಲೇಬೇಕಾಯಿತು. ಮಾರನೆಯ ದಿನದಿಂದ ಭಟ್ಟರು ಆ ಮೇಜಿಗೆ ಒಂದು ಎಲೆ ಹಾಕಿ ಬಡಿಸತೊಡಗಿದರು. ಗಿರಾಕಿಗಳು ಕೇಳಿದರೆ "ರಿಸರ್ವ್" ಎಂದು ಹೇಳುವುದು. ದೋಣಿಯ ಹಗ್ಗ, ಚುಕ್ಕಾಣಿ ನೋಡಿಕೊಳ್ಳುವ ವಿಜಯಪುರ ಕಡೆಯ ಶರಣಪ್ಪ ದಿನಾ ಆ ಮೇಜಿಗೆ ಒಂದು ಲೋಟ ನೀರಿಟ್ಟು, "ಉಣ್ರೀ ಆಯಿ" ಎಂದು ಹಿಂದೆ ಸರಿಯುತ್ತಿದ್ದನಂತೆ.

ನಾನು ಡೊಂಬಿವಲಿಯಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿಗೆ ಹೋದೆ. ಖಾಡಿಯ ಸಂಜೆಯನ್ನು ನೋಡದವರಿಗೆ ಹೇಳಬೇಕು: ನೀರು ಇಳಿದಾಗ ದಡವೆಲ್ಲ ಬೂದುಬಣ್ಣದ ಕೆಸರು, ಅದು ಉಸಿರಾಡುವಂತೆ ಅಲ್ಲಲ್ಲಿ ಗುಳ್ಳೆ ಒಡೆಯುತ್ತದೆ. ಉಪ್ಪುನೀರಿನ ಕಾಂಡ್ಲಾ ಗಿಡಗಳು ಕೆಸರಿನಿಂದ ಬೆರಳುಗಳಂತೆ ಬೇರು ಎತ್ತಿ ನಿಂತಿರುತ್ತವೆ. ಆಚೆ ದಡದ ಎತ್ತರದ ಕಟ್ಟಡಗಳ ದೀಪಗಳು ನೀರಿನಲ್ಲಿ ಉದ್ದುದ್ದ ಎಳೆದುಕೊಂಡು ನಡುಗುತ್ತವೆ. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ನಾನು ನಡುವಿನ ಮೇಜಿನಲ್ಲಿ ಕುಳಿತು ಕೊನೆಯ ಮೇಜನ್ನು ನೋಡುತ್ತಿದ್ದೆ. ಗಾಳಿ ತಿರುಗಿತು. ದೋಣಿ ಒಮ್ಮೆ ಮೈಮುರಿಯಿತು.

ದೀಪ ಹೊತ್ತಿತು. ಎಲೆ, ಲೋಟ, ಖಾಲಿ ಕುರ್ಚಿ.

ಬಲ್ಬುಗಳ ಸಾವನ್ನು ಬರೆದಿಟ್ಟು ಸಂಬಳ ಪಡೆದ ನಾನು, ಏನಾಗುತ್ತಿದೆ ಎಂದು ಅರಿಯುವ ಮೊದಲೇ, ಎದ್ದು ನಿಂತು ಕೈಮುಗಿದಿದ್ದೆ. ಭಟ್ಟರು ಅಡುಗೆಮನೆಯ ಕಿಂಡಿಯಿಂದ ನೋಡಿಬಿಟ್ಟರು. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಡುಗೆಮನೆಯಿಂದ ಬಡಿಸಲು ಬಿಟ್ಟ ಕಿಂಡಿ ಆ ಮೇಜಿನ ನೆತ್ತಿಗೇ ಇದೆ. ಸಂಜೆ ಗಾಳಿ ಹಿಂಬದಿಯಿಂದ ಬೀಸಿದಾಗ ಒಲೆಯ ಬಿಸಿ ಆ ಕಿಂಡಿಯಿಂದ ತೂರಿ ಮೇಜಿನ ಮೇಲೆ ಹಾಯುತ್ತದೆ. ಅಲುಗಾಡುವ ಬಿಸಿ, ಸೆನ್ಸರಿಗೆ ಅಷ್ಟೇ ಸಾಕು. ಇದನ್ನು ಕಿಂಡಿಗೆ ತಟ್ಟೆ ಅಡ್ಡ ಹಿಡಿದು, ತೆಗೆದು ತೋರಿಸಿದೆ. ಭಟ್ಟರು ಎಲ್ಲವನ್ನೂ ಗಮನವಿಟ್ಟು ಕೇಳಿ, "ಒಲೆಯ ಬಿಸಿಯಲ್ಲೇ ಅಲ್ವಾ ಗಿರಿಜಕ್ಕ ಜೀವ ಸವೆಸಿದ್ದು. ಬೇರೆ ಯಾವುದರಲ್ಲಿ ಬರ್ತಾರೆ ಅವರು?" ಎಂದರು.

"ಭಟ್ಟರೇ, ಅವಳು ನನ್ನಕ್ಕ. ಅವಳೇ ಬಂದಿದ್ದರೆ ದೀಪ ಹೊತ್ತುತ್ತಿರಲಿಲ್ಲ, ಆರುತ್ತಿತ್ತು" ಎಂದೆ. ಭಟ್ಟರು ಒಲೆಯ ಕಡೆಗೆ ತಿರುಗಿ ಸೌಟು ಹಿಡಿದರು. ನನಗೆ ಆ ವಾದದ ಬಗ್ಗೆ ಹೆಮ್ಮೆಯಾಯಿತು.

ಆ ಹೆಮ್ಮೆಯಲ್ಲೇ ನಾನು ಇನ್ನೊಂದು ಸಂಜೆ ಹೋದೆ. ಅಂದು ಅಮಾವಾಸ್ಯೆ, ದೋಣಿಗೆ ರಜೆ. ಒಲೆ ಹಚ್ಚಿರಲಿಲ್ಲ. ನಾನು ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಒಲೆಯಿಲ್ಲದಿದ್ದರೆ ದೀಪವಿಲ್ಲ ಎಂದು ಸಾಬೀತುಪಡಿಸಿ ಸುಧಾಕರನಿಗೆ ಹೇಳುವುದು ನನ್ನ ಉದ್ದೇಶ. ಶರಣಪ್ಪ ಜೆಟ್ಟಿಯ ಮೇಲೆ ಹಗ್ಗ ಬಿಗಿಯುತ್ತಿದ್ದ. ನಾನು ಕೊನೆಯ ಮೇಜಿನಲ್ಲಿ, ಅಕ್ಕನ ಎದುರು ಕುರ್ಚಿಯಲ್ಲಿ ಕುಳಿತೆ. ನಾನು ಬಂದು ಕುಳಿತದ್ದಕ್ಕೆ ದೀಪ ಹೊತ್ತಿತು, ಅದು ಸರಿಯೇ. ಇನ್ನು ನಾನು ಅಲುಗದೆ ಕುಳಿತರೆ ಅದು ಆರಬೇಕು. ಕೈಗಳನ್ನು ತೊಡೆಯ ಮೇಲಿಟ್ಟು, ಉಸಿರನ್ನೂ ತಗ್ಗಿಸಿ ಕುಳಿತೆ.

ದೀಪ ಆರಲಿಲ್ಲ.

ಅಲುಗಾಟ ನಿಂತ ಎಷ್ಟು ಹೊತ್ತಿಗೆ ಆರಬೇಕೆಂಬ ಗಡುವನ್ನು ಅದಕ್ಕೆ ಗೊತ್ತುಮಾಡಿದವನೇ ನಾನು. ಗಡುವು ಮೀರಿತು. ಗಾಳಿ ನಿಂತಿತ್ತು, ನೀರು ಸದ್ದಿಲ್ಲದೆ ಇಳಿಯುತ್ತಿತ್ತು, ನಾನು ಕಲ್ಲಾಗಿದ್ದೆ. ದೀಪ ಮಾತ್ರ ಎದುರು ಕುರ್ಚಿಯಲ್ಲಿ ಯಾರೋ ಮಿಸುಕುತ್ತಿರುವಂತೆ ಬೆಳಗುತ್ತಲೇ ಇತ್ತು. ಮೇಜಿನ ಮೇಲೆ ನನ್ನ ಕೈಗಳಿರಲಿಲ್ಲ. ಆದರೂ ಅಲ್ಲಿ ಕೈಗಳಿಗಾಗಿಯೇ ಬೆಳಕು ಬಿದ್ದಿತ್ತು. ಎಷ್ಟು ಹೊತ್ತು ಹೀಗೆ ಕುಳಿತಿದ್ದೆನೋ. ಕೊನೆಗೆ ನನ್ನ ಬಾಯಿಂದ, ನಾನು ಯೋಚಿಸದ ಮಾತು ಬಂತು.

"ಇದ್ರೆ ಮಾತಾಡು ಮಾರಾಯ್ತಿ."

ದೀಪ ಆರಿತು.

ನಾನು ಬೆಚ್ಚಿದ್ದು ಅದು ಹೊತ್ತಿದ್ದಕ್ಕಲ್ಲ, ಆರಿದ್ದಕ್ಕೆ. ನಾನು ಮಾತಾಡಿದ್ದೆ, ತುಟಿ ಅಲುಗಿತ್ತು, ತಲೆ ಎತ್ತಿದ್ದೆ. ದೀಪ ಉಳಿಯುವುದಕ್ಕೆ ಎಲ್ಲ ಕಾರಣಗಳೂ ಇದ್ದವು. ಕತ್ತಲೆಯಲ್ಲಿ ಮೇಜು ಹಿಡಿದು ಎದ್ದೆ. ಎದ್ದರೂ, ನಡೆದರೂ ಅದು ಹೊತ್ತಲಿಲ್ಲ. ಜೆಟ್ಟಿಗೆ ಕಾಲಿಟ್ಟಾಗ ಶರಣಪ್ಪ ನನ್ನ ತೋಳು ಹಿಡಿದು, "ಏನಾತ್ರೀ ಸಾಹೇಬ್ರ? ಮಾರಿ ಬೆಳ್ಳಗಾಗೇತಿ. ಆಯಿ ಬೈದ್ಲೇನ್ರೀ?" ಎಂದ.

"ಬ್ಯಾಟರಿ ಇಳಿದಿದೆ" ಎಂದೆ. ಬ್ಯಾಟರಿ ಇಳಿದಿರಲಿಲ್ಲ. ತೇವಕ್ಕೆ ತಂತಿ ಕೆಟ್ಟಿರಬಹುದು, ಸೆನ್ಸರೊಳಗೆ ಇರುವೆ ಸೇರಿರಬಹುದು. ಕಾರಣ ಇದ್ದೇ ಇರುತ್ತದೆ. ನಾನು ಅದನ್ನು ಹುಡುಕಲಿಲ್ಲ, ಅಷ್ಟೇ. ಈ ಸಂಜೆಯ ಸಂಗತಿಯನ್ನು ಇಲ್ಲಿಯವರೆಗೆ ನನ್ನ ಹೆಂಡತಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಸುಧಾಕರ ಪ್ರಶ್ನೆ ಇಡಿಸಿಯಾಗಿತ್ತು. ಕವಡೆ ಹಾಕಿ ನೋಡುವವರು ಹೇಳಿದರಂತೆ: ತಾಯಿಯ ಜೀವ ದೋಣಿ ಹಿಡಿದಿದೆ, ಬೊಜ್ಜದಲ್ಲಿ ಲೋಪವಾಗಿದೆ, ತೆಂಗಿನಕಾಯಿಗೆ ಆವಾಹಿಸಿ ಖಾಡಿಯ ಬಾಯಲ್ಲಿ ಬಿಟ್ಟುಬರಬೇಕು. ಲೋಪವಾಗಿದೆ ಎಂಬ ಮಾತನ್ನು ನನ್ನ ಮನೆ ಸೋಫಾದ ಮೇಲೆ ಕುಳಿತು, ನನ್ನ ಹೆಂಡತಿ ಮಾಡಿದ ಚಹಾ ಕುಡಿಯುತ್ತಾ ಸುಧಾಕರ ಹೇಳಿದ.

"ಮಾಮ, ನೀವು ಮಣೆ ಮೇಲೆ ಕೂತ್ಕೊಂಡ್ರೆ ಸಾಕು. ತವರಿನ ಗಂಡು ಬೇಕಂತೆ. ಕಾಯಿ ಬಿಡೋವಾಗ ನೀವು ಒಂದು ಶಬ್ದ ಹೇಳ್ಬೇಕು, ಬಸ್."

"ಯಾವ ಶಬ್ದ?"

"'ಹೋಗು' ಅಂತ. 'ಹೋಗಿ ಬಾ' ಅನ್ಬಾರ್ದಂತೆ. ಖಾಲಿ 'ಹೋಗು'."

ನಮ್ಮಲ್ಲಿ ಹೊಸಿಲು ದಾಟುವ ಭಿಕ್ಷುಕನಿಗೂ ಯಾರೂ ಹಾಗೆ ಹೇಳುವುದಿಲ್ಲ. ತಗಡಿನ ಪೆಟ್ಟಿಗೆ ಹಿಡಿದು ಕಳವಾ ಕೋಣೆಯ ಬಾಗಿಲಲ್ಲಿ ನಿಂತ ಹುಡುಗನಿಗೆ "ಬಾ" ಎಂದವಳಿಗೆ ನಾನು ಆ ಶಬ್ದ ಹೇಳಬೇಕು.

"ಸುಧಾಕರ, ದೀಪ ಹೊತ್ತುವುದು ಒಲೆಯ ಬಿಸಿಗೆ. ಕಿಂಡಿಗೊಂದು ಬಾಗಿಲು ಮಾಡಿಸು, ಎಲ್ಲ ನಿಲ್ಲುತ್ತದೆ."

"ಅರೇ ಮಾಮ, ಭಟ್ರು, ಶರಣಪ್ಪ, ಯಾರೂ ಕೇಳೋದಿಲ್ಲ. ದಿನಾ ಎಲೆ ಹಾಕ್ತಾರೆ. ಗಿರಾಕಿಗಳು ಹೆದರ್ತಾರೆ, ಡರ್ ಲಗ್ತಾ ಹೈ."

"ಹಾಗಾದರೆ ಕೇಳು. ಅವಳು ಅಲ್ಲಿ ಇಲ್ಲವಾದರೆ ನೀನು ಓಡಿಸುವುದು ಯಾರನ್ನು? ಇದ್ದಾಳೆ ಅಂತ ನಂಬುವುದಾದರೆ, ಹೆತ್ತವಳು ನಿನ್ನ ದೋಣಿಯಲ್ಲಿ ಒಂದು ಕುರ್ಚಿಯಲ್ಲಿ ಕೂತರೆ ನಿನಗೇನು ಕಷ್ಟ?"

ಸುಧಾಕರ ಚಹಾದ ಲೋಟದೊಳಗೆ ನೋಡಿದ. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ, ಠಾಣೆಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿದರೂ ಮರಾಠಿಯಲ್ಲೇ ಹೇಳಿದಳು: "ಮಾಮಾ, ತುಮ್ಹೀ ಉಗಾಚ್ ಇಮೋಶನಲ್ ಹೋತಾಯ್." ನಾನು ಸುಮ್ಮನೆ ಭಾವುಕನಾಗುತ್ತಿದ್ದೇನಂತೆ. ಕುಳಿತುಕೊಳ್ಳುವುದಿಲ್ಲ ಎಂದೆ. ಅಮಾವಾಸ್ಯೆಯ ಸಂಜೆಯ ಬಳಿಕ ಆ ಕುರ್ಚಿ ಖಾಲಿಯೆಂದು ಆಣೆಯಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ; ಖಾಲಿಯಲ್ಲವಾದರೆ ಅವಳನ್ನು ಎಬ್ಬಿಸುವವನು ನಾನಾಗಬಾರದು.

ಅವರು ಕಾರ್ಯ ನಿಲ್ಲಿಸಲಿಲ್ಲ. ನಮ್ಮ ಕಡೆಯವರ ಸಂಘದ ಅಧ್ಯಕ್ಷರನ್ನು ಕರೆದು, ತಮ್ಮನೆಂದು ಸಂಕಲ್ಪ ಹೇಳಿಸಿ, ಮಣೆಯ ಮೇಲೆ ಕೂರಿಸಿದರು. ಹಿಂದೊಮ್ಮೆ ವೇದಿಕೆಯಲ್ಲಿ ನನಗೆ ಹೊದಿಸಿದ ಶಾಲನ್ನು, "ಕ್ಷಮಿಸಿ, ಇದು ಬೇರೆಯವರದು" ಎಂದು ಭುಜದಿಂದ ಹಿಂದಕ್ಕೆ ತೆಗೆದುಕೊಂಡ ಮಹನೀಯರು ಇವರೇ. ಅಂದು ಶಾಲು, ಇಂದು ಅಕ್ಕ. ಭಟ್ಟರು ಫೋನಿನಲ್ಲಿ ನಡೆದುದನ್ನೆಲ್ಲ ಹೇಳಿದರು. ಅದೇ ದೋಣಿಯಲ್ಲಿ ಖಾಡಿಯ ಬಾಯಿಯವರೆಗೆ ಹೋದರಂತೆ. ದೀಪಗಳನ್ನೆಲ್ಲ ಆರಿಸಿದ್ದರಂತೆ. ಅಧ್ಯಕ್ಷರು ಭಾಷಣದ ದನಿಯಲ್ಲಿ, ಕೇಳಿಸಲಿಲ್ಲವೇನೋ ಎಂಬಂತೆ ಎರಡು ಸಲ "ಹೋಗು" ಎಂದರಂತೆ.

"ಕಾಯಿ ಮುಳುಗಲಿಲ್ಲ ಶೀನಣ್ಣ" ಎಂದರು ಭಟ್ಟರು. "ದೋಣಿಯ ಬದಿಗೇ ಹತ್ತಿಕೊಂಡು ಬಹಳ ದೂರ ಬಂತು. ಶರಣಪ್ಪ ಕೋಲಿಂದ ದೂಡು ಅಂದ್ರೆ ದೂಡ್ಲಿಲ್ಲ. ಕಡೆಗೆ ಸುಧಾಕರನೇ ದೂಡಿದ."

ತೆಂಗಿನಕಾಯಿ ತೇಲುವುದು ಸಹಜ, ನೀರಿನ ಸೆಳೆತಕ್ಕೆ ದೋಣಿಯ ಬದಿಗೆ ಅಂಟುವುದೂ ಸಹಜ ಎಂದು ನಾನು ಅವರಿಗೆ ವಿವರಿಸಿದೆ. ಮರುದಿನ ಕೊನೆಯ ಮೇಜಿನ ದೀಪವನ್ನು ಕಿತ್ತು, ದಾರ ಸುತ್ತಿ, ನನಗೆ ಕಳುಹಿಸಿದರು. ಭಟ್ಟರು ಎಲೆ ಹಾಕುವುದನ್ನು ನಿಲ್ಲಿಸಿದರು. ದೋಣಿ ಶುದ್ಧವಾಯಿತೆಂದು ಸುಧಾಕರ ಮೊಬೈಲಿನಲ್ಲಿ ಎಲ್ಲರಿಗೂ ಸಂದೇಶ ಕಳುಹಿಸಿದ. ನನಗೆ ಬರಲಿಲ್ಲ, ಬೇರೆಯವರು ತೋರಿಸಿದರು.

ಅವರು ದೀಪವನ್ನು ತೆಗೆದರು, ಕಿಂಡಿಯನ್ನು ಮುಚ್ಚಲಿಲ್ಲ. ನಿನ್ನೆ ಸಂಜೆ ಶರಣಪ್ಪ ದೋಣಿಯಿಂದಲೇ ಫೋನ್ ಮಾಡಿದ. ಹಿಂದೆ ನೀರು ದಡಕ್ಕೆ ಬಡಿಯುವ ಸದ್ದಿತ್ತು. "ಸಾಹೇಬ್ರ, ಆಯಿ ಟೇಬಲ್ ಕತ್ತಲಾಗೇತ್ರಿ. ಆದ್ರ ಈಗ ಅದರ ಬಾಜೂ ಟೇಬಲ್ಲಿನ ದೀಪ ತಾನಾಗಿ ಹತ್ತಾಕತ್ತೇತಿ. ದಿನಾ. ಇದು ಆಯಿದಲ್ರೀ, ಆಯಿ ಹಂಗ ಹತ್ತಿಸಂಗಿಲ್ಲ. ಇದು ಹತ್ತತೈತಿ, ಆರತೈತಿ, ಮತ್ತ ಹತ್ತತೈತಿ. ಯಾರೋ ಸಿಟ್ಟಿಗೆದ್ದು ಕುಂತಂಗ ಕಾಣತೈತ್ರಿ" ಎಂದ.

ಆ ದೀಪ ಏಕೆ ಹೊತ್ತುತ್ತದೆಂಬುದು ನನಗೆ ಗೊತ್ತು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ. ಆದ್ದರಿಂದ ನಾನೇ ಕೇಳುತ್ತೇನೆ. ಸುಧಾಕರನೇ, ಅವನ ಹೆಂಡತಿಯೇ, ಮಣೆಯ ಮೇಲೆ ಕುಳಿತು ನನ್ನ ಅಕ್ಕನಿಗೆ "ಹೋಗು" ಎಂದ ಅಧ್ಯಕ್ಷರೇ, ಗಿರಿಜಕ್ಕ ಹೋದಳೆಂದು ನೀವೇ ಊರಿಗೆಲ್ಲ ಸಾರಿದ್ದೀರಿ. ಹಾಗಾದರೆ ಪ್ರತಿ ಸಂಜೆ ಅವಳ ಪಕ್ಕದ ಮೇಜಿಗೆ ಬಂದು ಕುಳಿತುಕೊಳ್ಳುತ್ತಿರುವವನು ಯಾರು? ತಮ್ಮನ ಮಣೆಗೆ ಬೇರೊಬ್ಬರನ್ನು ಕೂರಿಸಿದ ದಿನವೇ ನೀವು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟ ನಾನೇ ಅವನಲ್ಲವೆಂದು, ಆ ದೀಪದ ಕೆಳಗೆ ನಿಂತು, ನಿಮ್ಮಲ್ಲಿ ಯಾರು ಹೇಳಬಲ್ಲಿರಿ?